ಅಣ್ಣನ ಪರವಾಗಿ

ಅಪ್ಪ ಉಂಡು ಕೈ ತೊಳೆದು ಕೆಳಗೆ ಕಾರ್ಖಾನೆಗೆ ಇಳಿದ ಸದ್ದು ಕೇಳಿಸಿದ ಮೇಲೆಯೇ ಚಿಕ್ಕಪ್ಪ ತನ್ನ ಕೋಣೆಯ ಬಾಗಿಲು ತೆಗೆಯುತ್ತಿದ್ದ. ಅಡುಗೆಮನೆ ಒಂದೇ, ಮೇಜು ಒಂದೇ, ಊಟ ಮಾತ್ರ ಎರಡು ಪಂಕ್ತಿ. ಮೊದಲ ಪಂಕ್ತಿಗೆ ಅಮ್ಮ ಬಡಿಸುತ್ತಿದ್ದಳು, ಎರಡನೆಯದಕ್ಕೆ ಚಿಕ್ಕಮ್ಮ. ನಡುವೆ ಇಬ್ಬರೂ ಸೇರಿ ಆರಿದ ಪಾತ್ರೆಗಳನ್ನು ಮತ್ತೆ ಒಲೆಗೆ ಏರಿಸುತ್ತಿದ್ದರು.

"ಅಣ್ಣ ತಮ್ಮ ಮುನಿಸ್ಕೊಂಡ್ರೆ ಗ್ಯಾಸ್ ಎರಡೆರಡು ಸಲ ಉರೀಬೇಕಾ?" ಎಂದಳು ಅಜ್ಜಿ ಕಿಟಕಿ ಪಕ್ಕದ ತನ್ನ ಜಾಗದಿಂದ.

"ನೀವೇ ಹೆತ್ತಿದ್ದಲ್ವಾ ಅತ್ತೆ, ನೀವೇ ಕೇಳಿ," ಎಂದಳು ಚಿಕ್ಕಮ್ಮ.

"ಹೆತ್ತಾಗ ಇಬ್ರೂ ಚೆನ್ನಾಗೇ ಇದ್ರು. ನಿಮ್ಮಿಬ್ರ ಕೈಗೆ ಕೊಟ್ಟ ಮೇಲೆ ಕೆಟ್ಟಿದ್ದು."

ಅಮ್ಮ ಚಿಕ್ಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ತಲೆ ಮೇಲಿನ ಸೂರು ಹೋಗುವ ಹೊತ್ತಿನಲ್ಲಿ ಈ ಹೆಂಗಸರಿಗೆ ನಗುವುದಕ್ಕೆ ಹೇಗೆ ಮನಸ್ಸು ಬರುತ್ತದೋ!

ನಮ್ಮದು ಕುರ್ಚಿ ಮಾಡುವ ಮನೆ. ಕೆಳಗೆ ಕಾರ್ಖಾನೆ, ಮೇಲೆ ನಾವು. ಅಪ್ಪನ ಕೈ, ಚಿಕ್ಕಪ್ಪನ ಬಾಯಿ. ಇವೆರಡರಿಂದಲೇ ವ್ಯಾಪಾರ ನಡೆದುಕೊಂಡು ಬಂದಿತ್ತು. ಅಪ್ಪನಿಗೆ ಮಾತು ತಡೆಯುತ್ತದೆ. ಮೊದಲ ಅಕ್ಷರ ನಾಲಗೆಗೆ ಅಂಟಿಕೊಂಡಿತೆಂದರೆ ಬಿಡುವುದಿಲ್ಲ. ಕತ್ತಿನ ನರ ಉಬ್ಬಿ, ಕಣ್ಣು ನೆಲಕ್ಕೆ ಇಳಿಯುತ್ತದೆ. ಅಷ್ಟರಲ್ಲಿ ಪಕ್ಕದಲ್ಲಿರುವ ಚಿಕ್ಕಪ್ಪ ಆ ಮಾತನ್ನು ಎತ್ತಿಕೊಂಡು ಮುಗಿಸಿಬಿಡುತ್ತಾನೆ, ಅಪ್ಪ ತಲೆಯಾಡಿಸುತ್ತಾನೆ. ಮರದ ವ್ಯಾಪಾರಿಯ ಹತ್ತಿರ, ಬ್ಯಾಂಕಿನಲ್ಲಿ, ಡಾಕ್ಟರ ಮುಂದೆ, ಎಲ್ಲಾ ಕಡೆ ಹೀಗೆಯೇ. ಬೀದಿಯಲ್ಲಿ ಚಿಕ್ಕಪ್ಪನನ್ನು 'ರೇಡಿಯೋ' ಎಂದೇ ಕರೆಯುತ್ತಾರೆ. ಹೊಟ್ಟೆನೋವು ಅಪ್ಪನಿಗೆ ಬಂದರೂ ಎಲ್ಲಿ ನೋಯುತ್ತದೆ ಎಂದು ಡಾಕ್ಟರಿಗೆ ಹೇಳುವವನು ರೇಡಿಯೋನೇ.

ಎರಡು ವರ್ಷದ ಹಿಂದೆ ಸಮುದ್ರದಾಚೆಯ ದೇಶದ ಒಂದು ಪೀಠೋಪಕರಣ ಕಂಪನಿಯವರು ನಮ್ಮ ಕುರ್ಚಿ ನೋಡಿ ಮೆಚ್ಚಿದರು. ಒಂದು ಇಡೀ ಕಂಟೇನರ್ ತುಂಬ ಬೇಕೆಂದರು. ಒಪ್ಪಂದಕ್ಕೆ ಚಿಕ್ಕಪ್ಪನೇ ಸಹಿ ಹಾಕಿದ. ಮರ ಪೂರ್ತಿ ಒಣಗಿದ ಮೇಲೆ ಕೆಲಸ ಶುರು, ಆಮೇಲೆ ಸಾಗಣೆ ಎಂದು ಮಾತಾಗಿತ್ತು. ನಡುವೆ ಅವರು ನಮ್ಮ ಭಾಷೆ ಬಲ್ಲ ಒಬ್ಬರಿಂದ ಫೋನ್ ಮಾಡಿಸಿ, ಹೊಸ ಮಳಿಗೆ ತೆರೆಯುತ್ತಿದ್ದೇವೆ, ಬೇಗ ಕಳಿಸುತ್ತೀರಾ ಎಂದರು. ಅಪ್ಪ ಅಲ್ಲೇ ಪಕ್ಕದಲ್ಲಿ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದ. ಚಿಕ್ಕಪ್ಪ ಎಂದಿನಂತೆ ಅವನ ಮಾತನ್ನು ತಾನೇ ಮುಗಿಸಿ, "ಆಯ್ತು, ಕಳಿಸ್ತೀವಿ," ಅಂದುಬಿಟ್ಟ.

ಕಳಿಸಿದೆವು. ಅವರ ಚಳಿ ದೇಶದ ಬಿಸಿ ಮಳಿಗೆಯೊಳಗೆ ನಮ್ಮ ಕುರ್ಚಿಗಳ ಕೀಲು ಸಡಿಲಾಗಿ, ಕೂರುವ ಹಲಗೆಗಳು ಬಿರಿದವು. ಕೊಟ್ಟ ಹಣವೆಲ್ಲ ವಾಪಸ್ ಬೇಕು, ಮೇಲೆ ನಷ್ಟ ಪರಿಹಾರವೂ ಬೇಕು ಎಂದು ನೋಟಿಸು ಬಂತು. ಅಷ್ಟನ್ನೂ ಕೊಡಬೇಕಾಗಿ ಬಂದರೆ ಕಾರ್ಖಾನೆ ಮಾರಬೇಕು. ಕಾರ್ಖಾನೆ ಮಾರುವುದೆಂದರೆ ಮನೆ ಮಾರಿದಂತೆ, ಎರಡಕ್ಕೂ ಇರುವುದು ಒಂದೇ ಗೋಡೆ.

ಮೊದಲು ನಮ್ಮ ಕೋರ್ಟಿಗೇ ಓಡಿದೆವು. ನ್ಯಾಯಾಧೀಶರು ಒಪ್ಪಂದದ ಕೊನೆಯ ಹಾಳೆ ತೆಗೆಸಿ ಓದಿಸಿದರು. ತಕರಾರು ಬಂದರೆ ಅವರ ಕೋರ್ಟೂ ಬೇಡ, ನಮ್ಮ ಕೋರ್ಟೂ ಬೇಡ, ಮೂರನೆಯ ದೇಶದಲ್ಲಿ ಕೂರುವ ಮೂವರು ಮಧ್ಯಸ್ಥರು ತೀರ್ಮಾನ ಮಾಡಲಿ ಎಂದು ಅದರಲ್ಲಿತ್ತು. ಕೆಳಗೆ ಚಿಕ್ಕಪ್ಪನ ಸಹಿ. ಸಹಿಯ ಪಕ್ಕದಲ್ಲಿ 'ಅಣ್ಣನ ಪರವಾಗಿ' ಎಂದು ಅವನದೇ ಗುಂಡು ಅಕ್ಷರ.

"ಹೇಳುವುದೇನಿದ್ದರೂ ಅಲ್ಲೇ ಹೇಳಿ," ಎಂದು ನ್ಯಾಯಾಧೀಶರು ಕಡತ ಮುಚ್ಚಿದರು.

ಮೆಟ್ಟಿಲಿಳಿಯುವಾಗ ಅಪ್ಪ ಚಿಕ್ಕಪ್ಪನ ಮುಖ ನೋಡಲಿಲ್ಲ. ಅವತ್ತಿನಿಂದ ಎರಡು ಪಂಕ್ತಿ.

*

ನಮ್ಮ ಕಡೆಯ ವಕೀಲಮ್ಮ ಒಂದು ಸಂಜೆ ಮನೆಗೇ ಬಂದರು. ಅಜ್ಜಿ ಕುತ್ತಿಗೆ ಚಾಚಿ ಕೇಳಿದಳು.

"ಏನಮ್ಮಾ, ಆ ಮೂವರು ಪಂಚರು ನಮ್ಮನ್ನ ನೋಡಿಲ್ಲ, ನಾವು ಅವರನ್ನ ನೋಡಿಲ್ಲ. ಇದೆಂಥ ಪಂಚಾಯ್ತಿ?"

"ನೋಡ್ತಾರೆ ಅಜ್ಜಿ, ಕಂಪ್ಯೂಟರ್ ಪರದೆ ಮೇಲೆ. ಅದಕ್ಕೇ ಬಂದಿದ್ದು ನಾನು." ಅವರು ಅಪ್ಪನ ಕಡೆ ತಿರುಗಿದರು. "ಯಜಮಾನ್ರೇ, ನಮಗೆ ಉಳಿದಿರೋದು ಒಂದೇ ಗಟ್ಟಿ ದಾರಿ. ಕಾರ್ಖಾನೆ ನಿಮ್ಮೊಬ್ಬರ ಹೆಸರಲ್ಲಿದೆ. ತಮ್ಮನಿಗೆ ಸಹಿ ಹಾಕೋ ಅಧಿಕಾರಾನ ನೀವು ಬರೆದು ಕೊಟ್ಟಿಲ್ಲ. ಅಧಿಕಾರ ಇಲ್ಲದೋರು ಮಾತು ಕೊಟ್ರೆ ಅದು ನಿಮ್ಮನ್ನ ಕಟ್ಟಿಹಾಕಲ್ಲ ಅಂತ ವಾದ ಮಾಡಬಹುದು. ಆದರೆ ಪಂಚರು ನಿಮ್ಮನ್ನೇ ಕೇಳ್ತಾರೆ, ತಮ್ಮನಿಗೆ ನಿಮ್ಮ ಪರವಾಗಿ ಮಾತಾಡೋ ಅಧಿಕಾರ ಇತ್ತಾ ಅಂತ. ಅದಕ್ಕೆ ನೀವೇ ಉತ್ತರ ಕೊಡಬೇಕು."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ ಒಳಗೆ ಬಂದ. ಎಷ್ಟೋ ವಾರಗಳ ಮೇಲೆ ಅಪ್ಪ ಇದ್ದ ಕೋಣೆಗೆ ಅವನು ಕಾಲಿಟ್ಟದ್ದು ಅವತ್ತೇ.

"ಇರ್ಲಿಲ್ಲ ಅಂತ ಹೇಳ್ಲಿ ಮೇಡಂ. ನನ್ನ ಮುಖಕ್ಕೆ ಮಸಿ ಬಳಿದ್ರೆ ಮನೆ ಉಳಿಯುತ್ತೆ ಅಂದ್ರೆ ಬಳೀಲಿ. ನನ್ನದೇನು ಸಿನಿಮಾ ನಟನ ಮುಖಾನಾ?"

"ನಿಮ್ಮ ಮುಖಕ್ಕೆ ಬಳಿದ್ರೆ ನನ್ನ ಮುಖಕ್ಕೆ ಮೆತ್ಕೊಳ್ಳಲ್ವಾ?" ಒಳಗಿನಿಂದ ಚಿಕ್ಕಮ್ಮ ಸಿಡಿದಳು. "ನಾಳೆ ಆ ಕಂಪನಿಯೋರು ಇವರ ಮೇಲೇ ಬಿದ್ರೆ? ಅಣ್ಣನ ಹೆಸರು ಹೇಳಿ ಮೋಸ ಮಾಡ್ದ ಅಂದ್ರೆ?"

"ಅಂದರೂ ಅನ್ನಬಹುದು," ಎಂದರು ವಕೀಲಮ್ಮ. "ಸುಳ್ಳು ಹೇಳಿ ಅಂತ ನಾನು ಯಾರಿಗೂ ಹೇಳ್ತಿಲ್ಲ. ಯಾವ ಉತ್ತರಕ್ಕೆ ಏನಾಗುತ್ತೆ ಅಂತ ಮುಂಚೆ ತಿಳಿಸೋದು ನನ್ನ ಕೆಲಸ. ಉತ್ತರ ಯಜಮಾನರದು."

ಅಪ್ಪ ಬಾಯಿ ತೆರೆದ. ಕತ್ತಿನ ನರ ಉಬ್ಬಿತು. ಚಿಕ್ಕಪ್ಪನ ತುಟಿ ತಾನಾಗಿ ಅಲುಗಿತು, ಅಷ್ಟಕ್ಕೇ ನಿಂತಿತು. ಅಪ್ಪ ಬಾಯಿ ಮುಚ್ಚಿಕೊಂಡು ಕೆಳಗಿಳಿದು ಹೋದ.

"ಇನ್ನೊಂದು," ಎಂದರು ವಕೀಲಮ್ಮ ಚೀಲ ಹೆಗಲಿಗೆ ಹಾಕಿಕೊಳ್ಳುತ್ತ. "ಸಾಕ್ಷಿ ಹೇಳುವಾಗ ಕೋಣೇಲಿ ಅವರೊಬ್ಬರೇ ಇರಬೇಕು. ಯಾರೂ ಮಾತು ಎತ್ತಿಕೊಡೋ ಹಾಗಿಲ್ಲ."

ಚಿಕ್ಕಪ್ಪ ಗೋಡೆಗೆ ಒರಗಿದ. "ಒಬ್ಬನೇನಾ?" ಎಂದ. ಮಸಿ ಬಳಿಯಲಿ ಎಂದಾಗ ಗಟ್ಟಿಯಾಗಿದ್ದ ದನಿ ಈಗ ಸಣ್ಣಗಾಗಿತ್ತು.

*

ವಿಚಾರಣೆಗೆ ಉಳಿದಿದ್ದ ವಾರಗಳಲ್ಲಿ ಅಪ್ಪನಿಗೆ ಅಭ್ಯಾಸ ಮಾಡಿಸುವ ಕೆಲಸ ನಾನೇ ಹೊತ್ತುಕೊಂಡೆ. ಯಾರೂ ಹೇಳಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಶಾಲೆ ಬಿಟ್ಟು ಈ ಹೊಟ್ಟು ಧೂಳಿನಲ್ಲಿ ಬೆಳೆದವನು ನಾನು. ಈ ಕಾರ್ಖಾನೆ ಬಿಟ್ಟರೆ ನನಗೆ ಇನ್ನೊಂದು ಬಾಗಿಲಿಲ್ಲ. ಬೇಗ ಬೇಕೆಂದು ಕುತ್ತಿಗೆ ಮೇಲೆ ಕೂತು ತರಿಸಿಕೊಂಡವರೂ ಆ ಕಂಪನಿಯವರೇ, ಈಗ ಬಿರಿಯಿತು ಎಂದು ಕುತ್ತಿಗೆ ಹಿಸುಕುವವರೂ ಅವರೇ. ಇವೆರಡರ ನಡುವೆ 'ಆಯ್ತು' ಅಂದ ಬಾಯಿ ಒಂದು.

"ಹೇಳಪ್ಪಾ. ನನ್ನ ತಮ್ಮನಿಗೆ ಅಧಿಕಾರ ಇರ್ಲಿಲ್ಲ. ನಾಲ್ಕೇ ಮಾತು."

ಅಪ್ಪ ಕುರ್ಚಿ ಕಾಲನ್ನು ಉಜ್ಜುತ್ತ, "ನ... ನನ್ನ ತ... ತ..." ಎಂದು ಅಲ್ಲೇ ನಿಲ್ಲುತ್ತಿದ್ದ. ಮರುದಿನವೂ ಅಲ್ಲೇ. ಅದರ ಮರುದಿನವೂ.

"ಬೇರೆ ಮಾತೆಲ್ಲ ಬರುತ್ತೆ, ಇದೊಂದು ಯಾಕೆ ಬರಲ್ಲ ನಿಂಗೆ?" ಒಂದು ಬೆಳಿಗ್ಗೆ ನಾನು ಕೊಡತಿಯನ್ನು ನೆಲಕ್ಕೆ ಬಿಸಾಕಿದೆ. "ಅವನು ನಮ್ಮನ್ನ ಬೀದಿಗೆ ತಂದಿದ್ದಾನೆ! ಅವನ ಹೆಸರು ಹೇಳೋಕೂ ನಾಲಗೆ ಹೆದರುತ್ತಾ?"

ಅಪ್ಪ ಬಗ್ಗಿ ಕೊಡತಿ ಎತ್ತಿ, ಅದರ ಹಿಡಿಗೆ ಅಂಟಿದ ಧೂಳು ಒರೆಸಿ ನನ್ನ ಕೈಗೇ ಕೊಟ್ಟ. ಬೈದಿದ್ದರೆ ಚೆನ್ನಾಗಿತ್ತು.

ಮೇಲೆ ಅಮ್ಮ ಚಿಕ್ಕಮ್ಮ ಬಟಾಣಿ ಬಿಡಿಸುತ್ತಿದ್ದರು. ನನ್ನ ಕೂಗು ಅವರಿಗೂ ಕೇಳಿಸಿತ್ತು.

"ಬಾ ಇಲ್ಲಿ, ಸಿಡಿಲಮರಿ," ಎಂದಳು ಅಮ್ಮ. "ನನ್ನನ್ನ ಮದುವೆ ಆಗ್ತೀಯಾ ಅಂತ ಯಾರು ಕೇಳಿದ್ದು ಗೊತ್ತಾ ನಿಂಗೆ?"

"ಯಾರು?"

"ನಿಮ್ಮ ಚಿಕ್ಕಪ್ಪ. ನಿಮ್ಮಪ್ಪ ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ರು. ಇದ್ಯಾವುದೋ ಮೀಸೆ ಮೂಡದ ಹುಡುಗ ನನ್ನ ಕೇಳ್ತಿದಾನಲ್ಲಾ ಅಂತ ನಾನು ಗಾಬರಿ ಬಿದ್ದೆ."

"ಆಮೇಲೆ ನನ್ನನ್ನ ಕೇಳೋಕೆ ಬಂದಾಗ್ಲೂ ಇವರೇ ಮಾತಾಡಿದ್ರು, ಅಕ್ಕಾ," ಎಂದಳು ಚಿಕ್ಕಮ್ಮ. "ಇವರು ನಿಜವಾಗ್ಲೂ ತಮಗೇ ಕೇಳ್ತಿದಾರಾ, ಇನ್ಯಾರಿಗಾದ್ರೂ ಕೇಳ್ತಿದಾರಾ ಅಂತ ಎರಡು ಸಲ ವಿಚಾರಿಸ್ದೆ."

ಅಜ್ಜಿ ಬಟಾಣಿ ಒಂದನ್ನು ಬಾಯಿಗೆ ಹಾಕಿಕೊಂಡಳು. "ಒಂದೇ ಕೋಣೆ ಶಾಲೇಲಿ ಮೇಷ್ಟ್ರು ಪ್ರಶ್ನೆ ಕೇಳಿದ್ರೆ ದೊಡ್ಡೋನು ನಿಂತು ಬೆವರೋನು. ಗೊತ್ತಿಲ್ಲದೆ ಅಲ್ಲ, ಬಾಯಿಗೆ ಬರ್ದೆ. ಚಿಕ್ಕೋನು ಕೆಳಗಿನ ತರಗತಿಯಿಂದ ಎದ್ದು ಓಡಿಬಂದು ಉತ್ತರ ಹೇಳೋನು. ಇಬ್ರಿಗೂ ಪೆಟ್ಟು. ನೀನ್ಯಾಕೆ ಹೋದ್ಯೋ ಅಂತ ನಾನು ಬೈದ್ರೆ, ಅಣ್ಣ ನನ್ನ ಕಡೆ ನೋಡ್ದ ಅಮ್ಮಾ, ಅನ್ನೋನು."

"ಅದಕ್ಕೇ ಈಗ ಮನೆ ಕೊಟ್ಬಿಡೋಣ ಅಂತೀಯಾ ಅಜ್ಜಿ?"

"ನಾನೇನೂ ಅನ್ನಲ್ಲಪ್ಪಾ. ಕೇಳಿದ್ಯಲ್ಲ, ಹೇಳ್ದೆ."

ನಾನು ಕೇಳಿಯೇ ಇರಲಿಲ್ಲ.

*

ವಿಚಾರಣೆಯ ದಿನ ಬಂತು. ಮಧ್ಯಸ್ಥರಿಗೆ ಬೆಳಗು, ನಮಗೆ ಮಧ್ಯಾಹ್ನ. ಮುಂದಿನ ಕೋಣೆಯಿಂದ ಮಂಚ, ಪೆಟ್ಟಿಗೆ, ಒಣಗಲು ಹಾಕಿದ್ದ ಬಟ್ಟೆ ಎಲ್ಲ ಹೊರಗೆ ಹೋದವು. ಅಮ್ಮ ಗೋಡೆಗೆ ಬಿಳಿ ಹೊದಿಕೆ ಕಟ್ಟಿದಳು. ಅಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು, ಕ್ಯಾಮೆರಾವನ್ನು ಕೋಣೆಯ ಸುತ್ತ ತಿರುಗಿಸಿ ಯಾರೂ ಇಲ್ಲವೆಂದು ತೋರಿಸಿ ಕುಳಿತ. ಕಂಪನಿಯವರು ಕರೆಸಿದ್ದರಿಂದ ಚಿಕ್ಕಪ್ಪನದೂ ಸಾಕ್ಷಿ ಇತ್ತು, ಅಪ್ಪನ ನಂತರ. ಅಲ್ಲಿಯವರೆಗೆ ಅಪ್ಪ ಹೇಳುವುದು ಅವನ ಕಿವಿಗೆ ಬೀಳಬಾರದೆಂದು ನಿಯಮ. ಅವನನ್ನು ಎದುರಿನ ಕ್ಷೌರದ ಅಂಗಡಿಗೆ ಕಳಿಸಿದೆವು. ಅಡುಗೆಮನೆಯಲ್ಲಿ ಇನ್ನೊಂದು ಕಂಪ್ಯೂಟರಿನ ಮುಂದೆ ವಕೀಲಮ್ಮ, ನಾನು, ಅಮ್ಮ, ಅಜ್ಜಿ. ಚಿಕ್ಕಮ್ಮ ನೋಡಲಾರೆ ಎಂದು ಪಾತ್ರೆ ತೊಳೆಯಲು ನಿಂತಳು. ನಮ್ಮ ದನಿ ಆ ಕಡೆ ಕೇಳದಂತೆ ವಕೀಲಮ್ಮ ಮೈಕ್ ಆರಿಸಿಟ್ಟಿದ್ದರು.

ಪರದೆಯ ಮೇಲೆ ಮೂವರು ಮಧ್ಯಸ್ಥರು. ನಡುವೆ ಕೂತ ಅಧ್ಯಕ್ಷೆ ಬೆಳ್ಳಿ ಕೂದಲಿನವರು. ಇನ್ನೊಂದು ಚೌಕದಲ್ಲಿ ಕಂಪನಿಯ ವಕೀಲ, ಮತ್ತೊಂದರಲ್ಲಿ ನಮ್ಮ ಮಾತನ್ನು ಅವರ ಭಾಷೆಗೆ ತಿರುಗಿಸುವ ದುಭಾಷಿ.

"ಆ ನಡುವಿನೋಳು ಊಟ ಮಾಡಿಲ್ವೇನೋ, ಸೊರಗಿದಾಳೆ," ಎಂದಳು ಅಜ್ಜಿ.

ಕಂಪನಿಯ ವಕೀಲ ಶುರು ಮಾಡಿದ. ಬೇಗ ಕಳಿಸಿ ಎಂದು ನಮ್ಮವರು ಕೇಳಿದಾಗ ನೀವು ಅಲ್ಲೇ ಇದ್ದಿರಾ?

"ಇ... ಇದ್ದೆ."

ಬೇಡ ಅಂದಿರಾ?

ಅಪ್ಪ ಬಾಯಿ ತೆರೆದ. ಬರಲಿಲ್ಲ. ಕತ್ತು ಕೆಂಪಾಯಿತು. ನಾನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಪಾತ್ರೆ ತೊಳೆಯುವ ಸದ್ದೂ ನಿಂತಿತ್ತು. ದುಭಾಷಿಗೆ ತಡೆಯಲಾಗಲಿಲ್ಲವೇನೋ, ಊಹೆ ಮಾಡಿ ಒಂದು ಉತ್ತರ ಹೇಳಲು ಹೊರಟ. ಅಪ್ಪ ಅಂಗೈ ಎತ್ತಿ ತಡೆದ. ಅಧ್ಯಕ್ಷೆ ಏನೋ ಅಂದರು. ದುಭಾಷಿ ತಪ್ಪಾಯಿತೆಂಬಂತೆ ತಲೆ ಬಾಗಿಸಿ ನಮ್ಮ ಭಾಷೆಯಲ್ಲಿ ಹೇಳಿದ, "ನಿಮ್ಮ ಮಾತನ್ನು ನೀವೇ ಮುಗಿಸಿ ಅಂತಾರೆ. ಎಷ್ಟು ಹೊತ್ತಾದರೂ ಕಾಯ್ತಾರಂತೆ."

ಕಾದರು. ಅಂಥ ದೊಡ್ಡ ಮಂದಿ, ಗಡಿಯಾರ ನೋಡದೆ, ಕೆಮ್ಮದೆ, ನಮ್ಮಪ್ಪನ ಒಂದು ಅಕ್ಷರಕ್ಕೆ ಕಾದರು. ನಾನು ಕಾದವನಲ್ಲ.

"ಶು... ಶುರು ಮಾಡಿದ್ದೆ," ಎಂದ ಅಪ್ಪ. "ಮ... ಮರ ಒಣಗ್ಲಿ ಅನ್ನೋಕೆ. ಮುಗಿಸ್ಲಿಲ್ಲ."

ಯಾಕೆ ಮುಗಿಸಲಿಲ್ಲ?

"ಅವನು ಮು... ಮುಗಿಸ್ತಾನೆ ಅಂತ."

ಆಗ ಅಧ್ಯಕ್ಷೆ ಮುಂದಕ್ಕೆ ಬಾಗಿ, ವಕೀಲಮ್ಮ ಹೇಳಿದ್ದ ಅದೇ ಪ್ರಶ್ನೆ ಕೇಳಿದರು. ನಿಮ್ಮ ಪರವಾಗಿ ಮಾತು ಕೊಡುವ, ಸಹಿ ಹಾಕುವ ಅಧಿಕಾರ ನಿಮ್ಮ ತಮ್ಮನಿಗೆ ಇತ್ತೇ?

"ಇರ್ಲಿಲ್ಲ ಅನ್ನು," ಎಂದೆ ನಾನು ಪರದೆಗೆ. "ಇರ್ಲಿಲ್ಲ ಅನ್ನಪ್ಪಾ."

ಅಪ್ಪ ತಡವರಿಸುತ್ತ, ಸಿಕ್ಕಿಕೊಳ್ಳುತ್ತ, ಒಂದೊಂದೇ ಮಾತನ್ನು ಕಿತ್ತು ತೆಗೆದು ಮುಂದಿಡುವ ಹಾಗೆ ಹೇಳಿದ:

"ಕಾ... ಕಾಗದದ ಮೇಲೆ ಕೊಟ್ಟಿಲ್ಲ. ಆದ್ರೆ ಕೊ... ಕೊಟ್ಟಿದ್ದೆ. ಅವನು ಮಾತು ಕ... ಕಲಿತ ದಿನದಿಂದ ಕೊಟ್ಟಿದ್ದೆ. ಅವನ ಬಾಯಲ್ಲಿ ಸರಿ ಬಂದಾಗೆಲ್ಲ ಅದು ನನ್ನ ಮಾತು ಅಂತ ತಲೆ ಆಡಿಸಿದೀನಿ. ತ... ತಪ್ಪು ಬಂದ ದಿನ ಅದು ಅವನದು ಅಂದ್ರೆ ಹೇ... ಹೇಗೆ?"

ದುಭಾಷಿ ಅದನ್ನು ಅವರ ಭಾಷೆಯಲ್ಲಿ ಹೇಳಿದ. ಅಪ್ಪನ ಮಾತು ಎಲ್ಲೂ ತಡೆಯದೆ ನೀರಿನಂತೆ ಹರಿದದ್ದನ್ನು ನಾನು ಮೊದಲ ಸಲ ಕೇಳಿದೆ. ಒಂದಕ್ಷರವೂ ಅರ್ಥವಾಗಲಿಲ್ಲ. ಅಮ್ಮ ಅಳುತ್ತಿದ್ದಳು. ವಕೀಲಮ್ಮ ಪೆನ್ನು ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು.

"ಹೋಯ್ತು," ಎಂದೆ ನಾನು. "ಮನೆ ಹೋಯ್ತು."

"ಬಾಯ್ಮುಚ್ಚು," ಎಂದಳು ಅಮ್ಮ. "ಅವರು ಇಷ್ಟು ಹೊತ್ತು ಒಬ್ಬರೇ ಮಾತಾಡಿದ್ದನ್ನ ನಾನು ಈ ಮನೆಗೆ ಬಂದ ಮೇಲೆ ಇವತ್ತೇ ನೋಡಿದ್ದು."

ಚಿಕ್ಕಪ್ಪನನ್ನು ಕರೆತಂದರು. ಕಾಯುತ್ತ ಕೂತವನು ಸುಮ್ಮನಿರಲಾರದೆ ಗಡ್ಡ ಬೋಳಿಸಿಕೊಂಡು ಬಂದಿದ್ದ, ಗಲ್ಲದಲ್ಲಿ ಸಣ್ಣ ಗಾಯ. ಅಪ್ಪ ಏನು ಹೇಳಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ, ನಾವೂ ಹೇಳುವಂತಿರಲಿಲ್ಲ. ಇಬ್ಬರೂ ಬಾಗಿಲಲ್ಲಿ ಒಬ್ಬರಿಗೊಬ್ಬರು ಮೈ ತಾಗಿಸಿಕೊಂಡೇ ಹಾದರು. ಅಪ್ಪ ಅಡುಗೆಮನೆಗೆ ಬಂದು ನಮ್ಮ ಜೊತೆ ಪರದೆಯ ಮುಂದೆ ನಿಂತ. ಅಂಗಿಯ ಬೆನ್ನು ಬೆವರಿಗೆ ಒದ್ದೆಯಾಗಿತ್ತು.

ಕಂಪನಿಯ ವಕೀಲ ಚಿಕ್ಕಪ್ಪನನ್ನು ಕೇಳಿದ. ಫೋನ್ ಬಂದಾಗ ನಿಮ್ಮ ಅಣ್ಣ ಏನು ಹೇಳಿದರು?

ರೇಡಿಯೋ ಬಾಯಿ ತೆರೆಯಿತು. ಇಂಥದ್ದಕ್ಕೆ ಅವನ ಬಳಿ ಹತ್ತು ಉತ್ತರ ಇರುತ್ತಿದ್ದವು.

"ಗೊತ್ತಿಲ್ಲ ಸ್ವಾಮಿ," ಎಂದ. "ನಾನು ಕೇಳಿಸ್ಕೊಳ್ಲಿಲ್ಲ. ದೊಡ್ಡ ಆರ್ಡರ್ ಕೈ ತಪ್ಪಿಬಿಟ್ರೆ ಅಂತ ಭಯ. ನಿಮ್ಮೋರು ಅವಸರ ಅಂತಿದ್ರು. ಮರ ಹಸಿ ಇದೆ ಅಂದೆ, ಪರವಾಗಿಲ್ಲ ಕಳಿಸಿ ಅಂದ್ರು. ಅಣ್ಣ ಏನೋ ಹೇಳ್ತಾನೇ ಇದ್ದ. ನಾನು ಅವನನ್ನ ಮುಗಿಸೋಕೆ ಬಿಡ್ಲಿಲ್ಲ. ಅಷ್ಟು ವರ್ಷದಲ್ಲಿ ಅವತ್ತೊಂದು ದಿನ, ಅವನ ಮಾತು ಅಂತ ನನ್ನ ಮಾತು ಹೇಳ್ಬಿಟ್ಟೆ."

ಅಪ್ಪ ಸಿಂಕಿನ ಕಡೆ ತಿರುಗಿ ಮುಖಕ್ಕೆ ನೀರು ಹಾಕಿಕೊಂಡ. ವಕೀಲಮ್ಮ ಮಾತ್ರ ನೆಟ್ಟಗೆ ಕೂತಿದ್ದರು. "'ಪರವಾಗಿಲ್ಲ ಕಳಿಸಿ' ಅಂದ್ರಂತಾ?" ಎಂದು ಪೆನ್ನು ಮತ್ತೆ ಕೈಗೆತ್ತಿಕೊಂಡರು. "ಇದನ್ನ ಯಾಕೆ ಯಾರೂ ನನಗೆ ಹೇಳ್ಲಿಲ್ಲ?"

"ನೀವು ಅವನನ್ನ ಕೇಳ್ಲೇ ಇಲ್ವಲ್ಲಮ್ಮಾ," ಎಂದಳು ಅಜ್ಜಿ. "ಎಲ್ರೂ ಅವನಿಗೆ ಬಾಯಿ ಮುಚ್ಕೊಂಡಿರು ಅಂದ್ರಿ."

*

ತೀರ್ಪು ಬರಲು ತಿಂಗಳುಗಳಾದವು. ಚಿಕ್ಕಪ್ಪ ಕೊಟ್ಟ ಮಾತು ಅಪ್ಪನನ್ನು ಕಟ್ಟುತ್ತದೆ ಎಂದೇ ಮೂವರೂ ಬರೆದರು. ಆದರೆ ಮರ ಹಸಿ ಎಂದು ತಿಳಿದೂ ಅವಸರ ಮಾಡಿದ ತಪ್ಪು ಕಂಪನಿಯದು, ಅದನ್ನು ಅವರೇ ಇಟ್ಟಿದ್ದ ಫೋನಿನ ದಾಖಲೆಯಿಂದಲೇ ತೆಗೆಸಿ ನೋಡಿದೆವು ಎಂದೂ ಬರೆದರು. ನಷ್ಟ ಇಬ್ಬರಿಗೂ ಪಾಲು, ಕೆಟ್ಟ ಕುರ್ಚಿಗಳು ವಾಪಸ್, ರಿಪೇರಿ ಮಾಡಿ ಮರಳಿ ಕೊಟ್ಟರೆ ನಮ್ಮ ಪಾಲಿನಲ್ಲಿ ಅಷ್ಟು ಕಡಿತ. ಕಾರ್ಖಾನೆಯ ಹೊಸ ಯಂತ್ರ ಮಾರಬೇಕಾಯಿತು. ಗೋಡೆಗಳು ಉಳಿದವು.

ಕುರ್ಚಿಗಳು ಬಂದ ದಿನ ಅಂಗಳ ತುಂಬಿಹೋಯಿತು. ಬಿರಿದ ಹಲಗೆ ಬದಲಾಯಿಸಿದರೆ ಸಾಕು ಎಂದ ಚಿಕ್ಕಪ್ಪ. ಪ್ರತಿಯೊಂದನ್ನೂ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಬೇಕು ಎಂದ ಅಪ್ಪ. ಅಷ್ಟನ್ನು ಹೇಳಿ ಮುಗಿಸಲು ಅಪ್ಪನಿಗೆ ಬಹಳ ಹೊತ್ತು ಬೇಕಾಯಿತು, ಅಷ್ಟು ಹೊತ್ತೂ ಚಿಕ್ಕಪ್ಪ ಹಲ್ಲು ಕಚ್ಚಿಕೊಂಡು ನಿಂತಿದ್ದ. ಮುಗಿದ ಕೂಡಲೇ ಅಬ್ಬರಿಸಿದ.

"ಆಗಲ್ಲ ಅಣ್ಣಾ! ನಮ್ಮ ಮೊಮ್ಮಕ್ಕಳ ಕಾಲಕ್ಕೆ ಮುಗಿಯುತ್ತೆ ಇದು!"

"ಮು... ಮುಗೀಲಿ!"

"ಊಟ ಆರ್ತಿದೆ!" ಎಂದು ಮೇಲಿನಿಂದ ಚಿಕ್ಕಮ್ಮ ಕೂಗಿದಳು.

"ಬಿಡೇ," ಎಂದಳು ಅಮ್ಮ. "ಜಗಳ ಆಡ್ಲಿ. ಚೆನ್ನಾಗಿ ಆಡ್ತಿದಾರೆ."

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಮರದ ವ್ಯಾಪಾರಿ. ಚಿಕ್ಕಪ್ಪನ ಕೈ ಮುಂದೆ ಹೋಗಿ ನಿಂತಿತು. ಅಪ್ಪ ಅಂಟಿನ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಫೋನ್ ಎತ್ತಿದ. ಆ ಕಡೆಯವನ ದೊಡ್ಡ ದನಿ ನಮಗೆಲ್ಲ ಕೇಳಿಸುತ್ತಿತ್ತು. ಈಗಷ್ಟೇ ಕಡಿದ ಮರ ಲಾರಿ ತುಂಬ ಬಂದಿದೆ, ಅಗ್ಗ, ಇವತ್ತೇ ಇಳಿಸಲಾ ಎನ್ನುತ್ತಿದ್ದ. ಅಪ್ಪನಿಗೆ ಅಕ್ಷರ ಸಿಕ್ಕಿಕೊಂಡಿತು. "ಹಲೋ? ರೇಡಿಯೋ ಇಲ್ವಾ? ಹಲೋ?" ಎಂದ ಅವನು. ಚಿಕ್ಕಪ್ಪ ಅತ್ತ ತಿರುಗಿ ನಿಂತು ಒಂದು ಕುರ್ಚಿಯ ಕಾಲನ್ನು ಸುಮ್ಮನೆ ತಿರುವುತ್ತಿದ್ದ.

"ಹ... ಹಸಿ ಮರ. ಬೇಡ," ಎಂದು ಅಪ್ಪ ಫೋನ್ ಇಟ್ಟುಬಿಟ್ಟ.

"ಅಷ್ಟೇನಾ?" ಚಿಕ್ಕಪ್ಪ ಹೌಹಾರಿ ತಿರುಗಿದ. "ಹೇಗಿದೀರಿ ಅಂತಿಲ್ಲ, ಬರ್ತೀನಿ ಅಂತಿಲ್ಲ! ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ್ರೆ ನಾಳೆ ಒಣಗಿದ ಮರಾನೂ ಕೊಡಲ್ಲ ಅವನು!"

ಅಪ್ಪ ನಕ್ಕ. ಫೋನನ್ನು ಅವನ ಕಡೆ ಚಾಚಿದ.

"ಅ... ಅದನ್ನ ನೀನು ಹೇಳು."

ಚಿಕ್ಕಪ್ಪ ಫೋನನ್ನೂ ಅಪ್ಪನ ಮುಖವನ್ನೂ ಒಂದು ಗಳಿಗೆ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಬೆರಳಿನಿಂದ ಸಂಖ್ಯೆ ಒತ್ತಿದ.

"ನಮಸ್ಕಾರ ಸಾವ್ಕಾರ್ರೇ! ಇಲ್ಲ ಇಲ್ಲ, ಮರದ ಮಾತಲ್ಲ. ಅದು ಅಣ್ಣ ಹೇಳಿ ಆಯ್ತಲ್ಲ, ಅದರ ಮೇಲೆ ನಂದೇನಿದೆ? ನಾನು ಸುಮ್ನೆ, ಮನೇಲಿ ಎಲ್ಲಾ ಹೇಗಿದಾರೆ ಅಂತ ಕೇಳೋಕೆ ಮಾಡ್ದೆ..."